ಕಣ್ಣಿನ ಬೂಷ್ಟು

"ಕೇಳಾಕತ್ತೀಯೇನ ಗೌರಿ, ನನ್ನ ಕಣ್ಣಾಗ ತೊಗರಿ ಹೊಟ್ಟು ಬಿದ್ದದ. ಈ ಮನ್ಯಾಗ ಯಾರಿಗರ ಜರಾ ಕರುಣಾ ಇದ್ದರ ಬಂದು ತೆಗೀಲಿ" ಎಂದು ನಿಂಬೆವ್ವ ಎಮ್ಮೆಗೆ ಹೇಳಿದಳು.

ಗೌರಿ ಮೆಲುಕು ಹಾಕುತ್ತಲೇ ಇತ್ತು. ಅದಕ್ಕೇನು ಇದು ಹೊಸದಲ್ಲ. ಗೊಬ್ಬೂರಿನ ಆ ಮನೆಯಲ್ಲಿ ಎಂಟು ತಿಂಗಳಿಂದ ಅತ್ತೆ ನಿಂಬೆವ್ವನ ಮಾತು, ಸೊಸೆ ರೇವಮ್ಮನ ಮಾತು ಎರಡೂ ಎಮ್ಮೆಯ ಕಿವಿಯ ಮೇಲೆ ಹಾಯ್ದೇ ಆಚೀಚೆ ಹೋಗುತ್ತಿದ್ದವು. ರೇವಮ್ಮ ಅಡುಗೆಮನೆಯಿಂದ ಹೊರಗೆ ಬಂದು ತಾನೂ ಎಮ್ಮೆಗೇ ಹೇಳಿದಳು: "ಗೌರಿ, ಕೈ ತೊಳಕೊಂಡು ಬರ್ತೇನಿ. ಅಲ್ಲೀತನ ಕಣ್ಣು ತಿಕ್ಕಬ್ಯಾಡಂತ ಹೇಳು."

ಇಷ್ಟಕ್ಕೆಲ್ಲ ಕಾರಣ ಬೂಷ್ಟು. ಬೇಸಿಗೆಯಲ್ಲಿ ಹಾಕಿದ ಮಾವಿನಕಾಯಿ ಉಪ್ಪಿನಕಾಯಿಯ ಭರಣಿಗೆ ತಿಂಗಳೊಪ್ಪತ್ತಿನಲ್ಲಿ ಬೂಷ್ಟು ಹಿಡಿದಿತ್ತು. ಮೂವತ್ತು ವರ್ಷದಲ್ಲಿ ನಿಂಬೆವ್ವನ ಭರಣಿಗೆ ಇಂಥ ಗತಿ ಬಂದಿರಲಿಲ್ಲ. "ನೀರಿನ ಹಸಿ ಸೌಟು ಹಾಕಿದಾಕಿ ನೀನೇ. ಖಜೂರಿ ಊರಾಗ ನಿಮ್ಮ ತವರಮನ್ಯಾಗ ಬೂಷ್ಟೇ ತಿಂದು ಬೆಳದೀರೇನು?" ಎಂದುಬಿಟ್ಟಳು. ತನ್ನನ್ನು ಏನಂದರೂ ನುಂಗಿಕೊಳ್ಳುತ್ತಿದ್ದ ರೇವಮ್ಮ ತವರಿನ ಹೆಸರು ಬಂದದ್ದೇ ಬಾಯಿ ಮುಚ್ಚಿದಳು. ಮುಚ್ಚಿದ್ದು ಮುಚ್ಚಿದ್ದೇ.

ಇನ್ನು ನಿಂಬೆವ್ವನ ನಾಲಿಗೆಯ ಸುದ್ದಿ. ಸುತ್ತ ಹತ್ತು ಹಳ್ಳಿಯಲ್ಲಿ ಅದಕ್ಕೆ ಹೆಸರಿತ್ತು. ಬೈಗುಳಕ್ಕೆ ಅಂತ ತಿಳಿಯಬೇಡಿ. ಅದಕ್ಕೂ ಇತ್ತು, ಅದು ಬೇರೆ ಮಾತು. ಕಣ್ಣಿಗೆ ಕಸ ಬಿದ್ದವರು ಬಂದು ಎದುರಿಗೆ ಕೂತರೆ ಸಾಕು, ರೆಪ್ಪೆ ಮಗುಚಿ, ನಾಲಿಗೆಯ ತುದಿಯನ್ನು ಒಮ್ಮೆ ಆಡಿಸಿ, ಕಸವನ್ನು ಬೆರಳ ಮೇಲಿಟ್ಟು ತೋರಿಸುತ್ತಿದ್ದಳು. ಆದರೆ ದೇವರು ಎಂಥ ನಾಲಿಗೆ ಕೊಟ್ಟರೂ ಅವರವರ ಕಣ್ಣಿಗೆ ಮುಟ್ಟುವಷ್ಟು ಉದ್ದ ಮಾತ್ರ ಕೊಡುವುದಿಲ್ಲ. ಆ ವಿದ್ಯೆ ಗೊತ್ತಿದ್ದವಳು ಊರಲ್ಲಿ ಇನ್ನೊಬ್ಬಳೇ. ಮದುವೆಯಾದ ಹೊಸದರಲ್ಲಿ ನಿಂಬೆವ್ವ ತಾನೇ ಪ್ರೀತಿಯಿಂದ ಕಲಿಸಿದ್ದ ಸೊಸೆ.

ರೇವಮ್ಮ ಬಂದಳು, ರೆಪ್ಪೆ ಎತ್ತಿದಳು, ಹೊಟ್ಟು ತೆಗೆದು ತೋರಿಸಿದಳು.

"ಕೈ ಭಾರ, ನಾಲಿಗಿ ಖಾರ" ಎಂದು ನಿಂಬೆವ್ವ ಗೌರಿಗೆ ವರದಿ ಒಪ್ಪಿಸಿದಳು.

ಮೂರು ದಿನಕ್ಕೆ ಕಣ್ಣು ಕೆಂಡವಾಯಿತು. ಬೆಳಕು ನೋಡಿದರೆ ಸೂಜಿ ಚುಚ್ಚಿದ ಹಾಗೆ. ಹಿಂದಿನ ಓಣಿಯ ತುಳಜಾಬಾಯಿ ಸೊಂಟದ ಗಂಟಿನಿಂದ ಅರ್ಧ ಖಾಲಿಯಾದ ಔಷಧದ ಬಾಟ್ಲಿ ತೆಗೆದಳು. "ನಮ್ಮ ಅಳಿಯಗ ಕಣ್ಣು ಬಂದು ಕೆಂಪಾದಾಗ ಸೋಲಾಪುರದ ಡಾಕ್ಟರ್ ಕೊಟ್ಟಿದ್ದು. ಎರಡು ಹನಿಗೆ ಎದ್ದು ಕುಂತ ನೋಡ." ನಿಂಬೆವ್ವನೂ ಹಾಕಿಸಿಕೊಂಡಳು. ಎರಡು ದಿನ ಕೆಂಪು ಇಳಿಯಿತು, ನೋವು ಇಳಿಯಿತು. ಸೋಲಾಪುರದ ಡಾಕ್ಟರನನ್ನು ಹೊಗಳಿದ್ದೇ ಹೊಗಳಿದ್ದು. ಐದನೆಯ ದಿನ ಕರಿಗುಡ್ಡೆಯ ಮೇಲೆ ಜೋಳದ ನುಚ್ಚಿನಷ್ಟು ಬಿಳಿ ಮಚ್ಚೆ ಕಾಣಿಸಿತು.

ಅವತ್ತು ನಿಂಬೆವ್ವ ಒಳ್ಳೆಯ ಕಣ್ಣನ್ನು ಅಂಗೈಯಿಂದ ಮುಚ್ಚಿ ನೋಡಿದಳು. ಎದುರಿಗೆ ಕಟ್ಟಿದ ಎಮ್ಮೆಯೇ ಇಲ್ಲ, ಬರೀ ಮಂಜು. ಊರ ಮಂದಿಯ ಕಣ್ಣಿನ ಕಸ ತೆಗೆದವಳು ತಾನು, ಈಗ ತನ್ನ ಕಣ್ಣೇ ಹೋಗುತ್ತದೆಯೇ? "ಗೌರಿ, ನನ್ನ ಕಣ್ಣು ಹೋತ ಕಾಣ್ತದಲ್ಲ" ಎಂದು ಯಾರಿಗೂ ಕೇಳದ ಹಾಗೆ ಪಿಸುಗುಟ್ಟಿದಳು. ಆದರೆ ಎಂಟು ತಿಂಗಳು ಎಮ್ಮೆಯ ಕಡೆಗೆ ಕಿವಿ ಇಟ್ಟುಕೊಂಡಿದ್ದ ಸೊಸೆಗೆ ಪಿಸುಮಾತೂ ಕೇಳುತ್ತಿತ್ತು. ಅವಳು ನೆಟ್ಟಗೆ ಹೊಲಕ್ಕೆ ಹೋಗಿ ಗಂಡ ಧರ್ಮಣ್ಣನನ್ನು ಕರೆದುಕೊಂಡು ಬಂದಳು.

"ಎತ್ತಿಗೆ ಜ್ವರಾ ಬಂದರ ಎಮ್ಮಿಗೆ ಬರಿ ಎಳದಂಗಾತು ನಿಮ್ಮ ಹಕೀಮಕಿ ಔಷಧ" ಎಂದು ಧರ್ಮಣ್ಣ ಬಾಟ್ಲಿ ನೋಡಿ ತಲೆ ಚಚ್ಚಿಕೊಂಡ.

ಕಲಬುರ್ಗಿ ಬಸ್ಸಿನಲ್ಲಿ ಕಿಟಕಿಯ ಕಡೆ ಅವ್ವ, ಈ ಕಡೆ ಹೆಂಡತಿ, ನಡುವೆ ಧರ್ಮಣ್ಣ. "ಧರ್ಮಾ, ಬಿಸಲು ಬೀಳಾಕತ್ತದಂತ ಹೇಳು." "ಏನ್ರಿ, ಸೆರಗು ಮುಚ್ಚಿಕೋರಿ ಅಂತ ಹೇಳ್ರಿ." ಅಫಜಲಪುರ ತಾಲೂಕು ದಾಟುವವರೆಗೆ ಪಾಪ ಅವನೇ ಎಮ್ಮೆಯ ಕೆಲಸ ಮಾಡಿದ.

ಕಣ್ಣಿನ ದವಾಖಾನೆಯ ಡಾಕ್ಟರಬಾಯಿ ಮರಗಟ್ಟಿಸುವ ಹನಿ ಹಾಕಿ, ಮಚ್ಚೆಯನ್ನು ಹಗುರವಾಗಿ ಕೆರೆದು ಗಾಜಿನ ಪಟ್ಟಿಗೆ ಸವರಿದರು. ಅದನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಬಹಳ ಹೊತ್ತು ನೋಡಿದರು.

"ಕಣ್ಣಿಗೆ ಬೂಷ್ಟು ಹತ್ತ್ಯದ ಅವ್ವಾ" ಎಂದರು.

"ಏನಂದ್ರಿ?"

"ಬೂಷ್ಟುರಿ. ರೊಟ್ಟಿಗೆ, ಉಪ್ಪಿನಕಾಯಿಗೆ ಹತ್ತತದಲ್ಲ, ಅದೇ ಜಾತಿದು. ಬರ್ರಿ, ನೀವೇ ನೋಡ್ರಿ."

ನಿಂಬೆವ್ವ ಒಳ್ಳೆಯ ಕಣ್ಣಿನಿಂದ ನೋಡಿದಳು. ಹರಿದ ನೂಲಿನ ಹಾಗೆ ಎಳೆ ಎಳೆಯಾಗಿ, ಟಿಸಿಲೊಡೆದು ಹಬ್ಬಿಕೊಂಡಿತ್ತು ಹಾಳಾದ್ದು. ಆಮೇಲೆ ರೇವಮ್ಮ ನೋಡಿದಳು. ನೋಡಿ, ಸೆರಗು ಸರಿ ಮಾಡಿಕೊಂಡು, ಗೋಡೆಗೆ ತೂಗಿದ ಅಕ್ಷರದ ಪಟಕ್ಕೆ ಹೇಳಿದಳು: "ಕಣ್ಣಾಗ ಹಸಿ ಸೌಟು ಯಾರು ಹಾಕಿದ್ರೋ ಏನೋ."

ಧರ್ಮಣ್ಣ ನಕ್ಕುಬಿಟ್ಟ, ಅವ್ವನ ಮುಖ ನೋಡಿ ಅದನ್ನು ಕೆಮ್ಮು ಮಾಡಿದ. ನಿಂಬೆವ್ವನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಸೋಲಲು ಅವಳೇನು ಸುಲಭದವಳೇ? "ಇದು ಸೊಸಿ ನಾಲಿಗಿಯಿಂದ ಬಂದದ್ರಿ. ಚೀಟ್ಯಾಗ ಹಂಗೇ ಬರೀರಿ" ಎಂದಳು.

"ಇಲ್ರಿ. ಹೊಟ್ಟು ಗೀರಿದ ಗಾಯದಾಗ, ಆ ಹೊಟ್ಟಿನ ಮ್ಯಾಗಿನ ಬೂಷ್ಟೇ ಬೇರು ಬಿಟ್ಟದ. ಈ ಬಾಟ್ಲಿ ಔಷಧ ಕೆಂಪು ಮುಚ್ಚಿಡತದ, ಒಳಗ ಬೂಷ್ಟು ಆರಾಮಾಗಿ ಬೆಳೀತದ" ಎಂದರು ಡಾಕ್ಟರಬಾಯಿ. ಮತ್ತೆ ದನಿ ಬಿಗಿಮಾಡಿ, "ಆದರ ನಾಲಿಗಿಲೆ ಕಸ ತೆಗಿಯೋದು ತಪ್ಪೇ. ಬಾಯಾಗ ಬೇರೆ ಜಾತಿ ಕ್ರಿಮಿ ಇರ್ತಾವ, ಕೀವು ಮಾಡತಾವ. ಒಬ್ಬರ ಕಣ್ಣಿನದು ಇನ್ನೊಬ್ಬರಿಗೆ ಹಚ್ಚಿದಂಗ ಆಗತದ. ನಿಮ್ಮೂರಾಗ ಇದನ್ನ ಶುರು ಮಾಡಿದವರು ಯಾರು?" ಎಂದು ಕೇಳಿದರು.

ನಿಂಬೆವ್ವ ಕಾಲಬೆರಳು ನೋಡುತ್ತ ಕೂತಳು. ತನ್ನ ಮುಂದೆ ಕೂತವರ ಮುಖಗಳೆಲ್ಲ ಒಂದೊಂದಾಗಿ ನೆನಪಾದವು. ಹೋದ ಮಳೆಗಾಲದಲ್ಲಿ ಒಂದೇ ಓಣಿಯಲ್ಲಿ ಹನ್ನೆರಡು ಮಂದಿಗೆ ಕಣ್ಣು ಬಂದದ್ದೂ ನೆನಪಾಯಿತು. ಅವರಲ್ಲಿ ತಾನು ನಾಲಿಗೆ ತಾಗಿಸಿದವರು ಎಷ್ಟೋ! ನಾಚಿಕೆಯಿಂದ ಹಿಡಿಯಾದಳು. ಈಗ ಸೊಸೆ ಬಾಯಿ ಬಿಡುತ್ತಾಳೆ, ಎಂಟು ತಿಂಗಳ ಸೇಡು ತೀರಿಸಿಕೊಳ್ಳುತ್ತಾಳೆ ಎಂದು ಕಾದಳು.

"ಯಾರೋ ಹಳೇ ಮಂದಿ ಮಾಡ್ತಿದ್ದರ್ರಿ ಡಾಕ್ಟರಬಾಯಿ" ಎಂದಳು ರೇವಮ್ಮ. "ಇನ್ನ ಯಾರೂ ಮಾಡಂಗಿಲ್ಲ."

ಡಾಕ್ಟರಬಾಯಿ ಹೊಸ ಔಷಧ ಬರೆದುಕೊಟ್ಟರು. ತಾಸಿಗೊಮ್ಮೆ ಹನಿ. ಕಣ್ಣು ಉಳಿಯುತ್ತದೋ ಇಲ್ಲವೋ ಮೂರು ವಾರ ಹೋಗದೆ ಹೇಳಲಾಗದು.

ಧರ್ಮಣ್ಣನಿಗೆ ಹೊಲದಲ್ಲಿ ತೊಗರಿ ರಾಶಿಯ ಗಡಿಬಿಡಿ. ಹನಿ ಹಾಕುವ ಕೆಲಸ ಸೊಸೆಗೇ ಬಂತು. ಅವಳು ಅಲಾರಂ ಗಡಿಯಾರವನ್ನು ಅತ್ತೆ ಮಲಗುವ ಹೊರಸಿನ ಕೆಳಗಿಟ್ಟಳು. ಅದು ಹೊಡೆದುಕೊಂಡರೆ ರೊಟ್ಟಿ ಹಂಚಿನ ಮೇಲಿದ್ದರೂ ಇಳಿಸಿ ಕೈ ತೊಳೆದುಕೊಂಡು ಬರುತ್ತಿದ್ದಳು. ಬಳೆ ಸಪ್ಪಳ ಕೇಳಿದರೆ ನಿಂಬೆವ್ವ ಮುಖ ಎತ್ತುತ್ತಿದ್ದಳು. ಗೇಣು ಅಂತರದಲ್ಲಿ ಒಬ್ಬರ ಉಸಿರು ಒಬ್ಬರಿಗೆ ತಾಗುತ್ತಿತ್ತು. ಹೊರಗೆ ಯಾರಾದರೂ ಕಣ್ಣು ಹಿಡಿದುಕೊಂಡು ಬಂದರೆ ನಿಂಬೆವ್ವ ಒಳಗಿನಿಂದಲೇ ಒದರುತ್ತಿದ್ದಳು, "ಚೊಕ್ಕ ನೀರಾಗ ಕಣ್ಣು ತೊಳಕೋರಿ! ಹೋಗಲಿಲ್ಲಂದರ ದವಾಖಾನಿಗೆ ನಡೀರಿ!" ಒಮ್ಮೆ ಕಲಬುರ್ಗಿ ನೋಡಿ ಬಂದದ್ದಕ್ಕೆ ಮುದುಕಿಗೆ ದಿಮಾಕು ಬಂತು ಎಂದು ಊರು ಆಡಿಕೊಂಡಿತು.

ಎರಡು ವಾರ ಕಳೆದರೂ ಮಂಜು ಕರಗಲಿಲ್ಲ. ನಿಂಬೆವ್ವ ಊಟ ಬಿಟ್ಟಳು. ರೇವಮ್ಮ ಒಂದು ಹನಿಯನ್ನೂ ಬಿಡಲಿಲ್ಲ.

ಇಪ್ಪತ್ತನೆಯ ದಿನ, ಮುಂಜಾನೆಯ ಬಿಸಿಲು ಪಡಸಾಲೆಗೆ ಬಿದ್ದಿತ್ತು. ರೇವಮ್ಮ ಬಾಟ್ಲಿ ಹಿಡಿದು ಬಂದವಳು, ಅದೇನನ್ನಿಸಿತೋ, ಅಂಗೈಯಿಂದ ಅತ್ತೆಯ ಒಳ್ಳೆಯ ಕಣ್ಣು ಮುಚ್ಚಿದಳು. ಏನಾದರೂ ಕಾಣುತ್ತದೆಯೇ ಎಂದು ಕೇಳಲು ಕಂಬದ ಕಡೆ ತಿರುಗಿದವಳು, ಕೇಳದೆ ಮತ್ತೆ ಅತ್ತೆಯ ಮುಖಕ್ಕೇ ತಿರುಗಿದಳು.

ನಿಂಬೆವ್ವ ಉಸಿರು ಬಿಗಿಹಿಡಿದು ನೋಡಿದಳು. ಮೊದಲು ಬಾಗಿಲ ಬೆಳಕು. ಆಮೇಲೆ ಒಂದು ತಲೆ. ಮಂಜಿನೊಳಗಿಂದ ಹಣೆ ಮೂಡಿತು, ಹಣೆಯ ಮೇಲೆ ಕೆಂಪಗೆ ಏನೋ.

"ಕುಂಕುಮ ಹುಬ್ಬಿನ ಮ್ಯಾಗ ಹಚ್ಚಿಕೊಂಡೀಯಲ್ಲ ಬೇ! ಕನ್ನಡಿ ನೋಡಿಲ್ಲೇನ?"

ಅಂದುಬಿಟ್ಟ ಮೇಲೆ ತಿಳಿಯಿತು, ಹೇಳಿದ್ದು ಎಮ್ಮೆಗಲ್ಲ.

"ಕನ್ನಡಿ ನೋಡಾಕ ಹೊತ್ತೆಲ್ಲಿ ಅದರಿ ಅತ್ತಿ" ಎಂದಳು ರೇವಮ್ಮ. "ತಾಸಿಗೊಮ್ಮಿ ನಿಮ್ಮ ಕಣ್ಣೇ ನೋಡಾಕತ್ತೇನಿ."

ನಿಂಬೆವ್ವ ಕೈ ಚಾಚಿದಳು. ತಡವರಿಸುತ್ತ ಹಣೆ ಹುಡುಕಿ, ಸೆರಗಿನಿಂದ ಆ ಕುಂಕುಮ ಒರೆಸಿ, ಹೆಬ್ಬೆರಳಿಗೆ ಹತ್ತಿದ್ದನ್ನು ನಡುಹಣೆಗೆ ಒತ್ತಿದಳು. ಆಮೇಲೆ ಮುಖ ಎತ್ತಿ ಕಣ್ಣು ಅಗಲಿಸಿದಳು. ಹನಿ ಬಿತ್ತು. ರೇವಮ್ಮ ಆ ಇನ್ನೊಂದು ಕಣ್ಣಿನ ಮೇಲಿದ್ದ ಅಂಗೈ ತೆಗೆಯುವುದನ್ನು ಮರೆತಳು. ನಿಂಬೆವ್ವ ತೆಗಿ ಅನ್ನಲಿಲ್ಲ.