ಗಾಜಿನ ಎಳೆ ಹಿಡಿದ ಬೆರಳು

ನಮ್ಮ ನೂಲು ವರ್ತಕರ ಸಂಘದವರು ದೂರಸಂಪರ್ಕ ಸಂಶೋಧನಾಲಯ ನೋಡಲು ಹೋದದ್ದು, ಕೇಬಲ್ಲಿನೊಳಗೆ ಸುತ್ತುವ ನೂಲಿನ ವ್ಯಾಪಾರ ಕುದುರೀತೆಂಬ ಆಸೆಯಿಂದ. ನನಗೆ ಮಾತ್ರ ಬೇರೆಯದೇ ಚಿಂತೆ. ಅಣ್ಣನ ಕೈ ಯಾರ ಕಣ್ಣಿಗೂ ಬೀಳಬಾರದು. ಹೋದ ವರ್ಷದಿಂದ ಅದು ಸಣ್ಣಗೆ ನಡುಗುತ್ತಿತ್ತು. ಗೊತ್ತಿದ್ದುದು ನನಗೆ ಮತ್ತು ಅತ್ತಿಗೆಗೆ ಅಷ್ಟೇ. ಎಳೆಯನ್ನು ಎರಡು ಬೆರಳಲ್ಲಿ ಹೊಸೆದು ಅಣ್ಣ "ಹೂಂ" ಎಂದರೆ ಇಡೀ ಪೇಟೆ ಕಣ್ಣು ಮುಚ್ಚಿಕೊಂಡು ಮಾಲು ಕೊಳ್ಳುತ್ತಿತ್ತು. ಆ ಬೆರಳಿನ ಮೇಲಿನ ನಂಬಿಕೆ ಹೋದರೆ ನಮ್ಮ ಅಂಗಡಿಗೆ ಬೀಗವೇ ಗತಿ.

ತಣ್ಣನೆಯ ಬಿಳಿ ಕೋಣೆಯಲ್ಲಿ ವಿಜ್ಞಾನಿ ಹೆಂಗಸೊಬ್ಬಳು ಎರಡು ಕಂಬಗಳ ನಡುವೆ ಬಿಗಿದು ಗೋಡೆಯಾಚೆ ಹೊರಟಿದ್ದ ಎಳೆಯೊಂದನ್ನು ತೋರಿಸಿದಳು. ದೀಪಕ್ಕೆ ಅಡ್ಡಲಾಗಿ ನೋಡಿದರೆ ಮಾತ್ರ ಅದು ಕಾಣುತ್ತಿತ್ತು.

"ಇದು ಗಾಜು. ಒಂದು ಊರಿನ ಜನರೆಲ್ಲ ಒಟ್ಟಿಗೆ ಮಾತಾಡಿದ್ರೂ ಇದರೊಳಗೆ ಹಿಡಿಸುತ್ತೆ."

ಎಲ್ಲವನ್ನೂ ತೂಗಿ ಅಳೆದೇ ನಂಬುವ ನಾವು ಬಿಟ್ಟ ಬಾಯಿ ಬಿಟ್ಟಂತೆ ನಿಂತೆವು. ಗೋಣಿ ದಾರದ ವ್ಯಾಪಾರಿಗೆ ತಡೆಯಲಾಗಲಿಲ್ಲ. "ಒಗೆದ್ರೆ ಬಣ್ಣ ಬಿಡುತ್ತಾ?" ಎಂದ. ಯಾರೂ ನಗಲಿಲ್ಲ.

ಅಷ್ಟರಲ್ಲಿ ಅಣ್ಣ ಕೈ ಚಾಚಿ ಎಳೆಯನ್ನು ಹಿಡಿದೇಬಿಟ್ಟ. ಎಳೆ ಕಂಡರೆ ಬೆರಳು ಸುಮ್ಮನಿರದು, ಅದು ನಮ್ಮ ಕಸುಬಿನ ಚಟ. ಗೋಡೆಯ ಪರದೆಯಲ್ಲಿ ನೆಟ್ಟಗಿದ್ದ ಹಸಿರು ಗೆರೆ ಥರಥರ ಅಲುಗಿತು. ನಾನು ಅವನ ತೋಳು ಹಿಡಿದು ಎಳೆದೆ.

"ತೆಗೀಬೇಡಿ!" ವಿಜ್ಞಾನಿಯ ಮುಖ ಅರಳಿತ್ತು. "ಯಾರು ಮುಟ್ಟಿದ್ರೂ ಈ ಎಳೆಗೆ ತಿಳಿಯುತ್ತೆ. ಇದರ ಇನ್ನೊಂದು ತುದಿ ಪಕ್ಕದ ಊರಲ್ಲಿದೆ. ಅಲ್ಲೂ ಕಾಣ್ತಿರುತ್ತೆ."

ಮೇಜಿನ ಮೇಲಿನ ಫೋನು ಹೊಡೆದುಕೊಂಡಿತು. ಅವಳು ಗುಂಡಿ ಒತ್ತಿದ್ದೇ ಆ ಊರಿನ ದನಿ ಕೋಣೆಗೆಲ್ಲ ಕೇಳಿಸಿತು. "ಯಾರ್ರೀ ಅದು ಮುಟ್ಟಿರೋದು? ಕೈ ನಡುಗ್ತಿದೆಯಲ್ಲ!"

ಗೋಣಿ ದಾರದವನು ಪರದೆ ಬಿಟ್ಟು ಅಣ್ಣನ ಬೆರಳನ್ನೇ ನೋಡುತ್ತಿದ್ದ. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಅಣ್ಣ ಕೈ ತೆಗೆಯಲಿಲ್ಲ. ಸದಾ ಗಂಟು ಮೋರೆಯ ಆ ಮನುಷ್ಯ, ಕೂಸು ದೀಪ ನೋಡುವ ಹಾಗೆ ತನ್ನದೇ ನಡುಕವನ್ನು ನೋಡುತ್ತಿದ್ದ.

"ವರ್ಷದಿಂದ ಮುಚ್ಚಿಟ್ಕೊಂಡಿದ್ದೆ ಕಣಮ್ಮ. ಕೂದಲಿನಷ್ಟು ತೆಳ್ಳಗಿರೋ ಇದಕ್ಕೆ ಹಿಡಿದ ತಕ್ಷಣ ಗೊತ್ತಾಯ್ತಲ್ಲ! ಎಂಥ ಎಳೆ!" ಎಂದ. ನನ್ನತ್ತ ತಿರುಗಿ, "ಬಾರೋ, ನೀನು ಹಿಡಿ" ಎಂದ.

ಅವನು ಬಿಟ್ಟ ಎಳೆಯನ್ನು ನಾನು ಹಿಡಿದೆ. ಗೆರೆ ಅಣ್ಣನದಕ್ಕಿಂತ ಜೋರಾಗಿ ಕುಣಿಯಿತು.

"ಇವರಿಗೂ ಅದೇ ತೊಂದರೆನಾ?" ವಿಜ್ಞಾನಿ ಮೆಲ್ಲಗೆ ಕೇಳಿದಳು.

"ಇಲ್ಲಮ್ಮ, ಅವನದು ಹೆದರಿಕೆ. ಅದು ಹೋಗುತ್ತೆ" ಎಂದ ಅಣ್ಣ. "ನನ್ನದು ಹೋಗಲ್ಲ." ಆಮೇಲೆ ವರ್ತಕರಿಗೆಲ್ಲ ಕೇಳುವಂತೆ ಗಟ್ಟಿಯಾಗಿ ಹೇಳಿದ: "ನಾಳೆಯಿಂದ ನಮ್ಮ ಅಂಗಡೀಲಿ ನೂಲು ಇವನು ನೋಡ್ತಾನೆ."

ಅವರು ಏನೆಂದರೋ ನನ್ನ ಕಿವಿಗೆ ಬೀಳಲಿಲ್ಲ. ನಾನು ಎಳೆ ಬಿಡದೆ ಪರದೆಯನ್ನೇ ನೋಡುತ್ತಿದ್ದೆ. ಗೆರೆ ನಿಧಾನವಾಗಿ ನೆಟ್ಟಗಾಯಿತು, ನನಗೆ ಅಳು ಬಂತು.