ಅಳಿಸಿ ಬರೆಯುವ ಡಿಸ್ಕ್

ಅವಧೂತ ಬ್ಯಾಟರಿಯನ್ನು ತಲೆಕೆಳಗಾಗಿ ತುರುಕಿ, ತನ್ನನ್ನೇ ಬೈದುಕೊಂಡು, ತಿರುಗಿಸಿ ಹಾಕಿದ. ಅಂಗೈಯಗಲದ ಮಿನಿಡಿಸ್ಕ್ ರೆಕಾರ್ಡರಿಗೆ ಜೀವ ಬಂತು. ಕೆಳಗೆ, ಕೋಥರೂಡದ ವಸತಿ ಸೊಸೈಟಿಯ ಪಾರ್ಕಿಂಗಿನಲ್ಲಿ, ಸ್ಕೂಟರುಗಳನ್ನು ಸರಿಸಿ ಹೆಣ ಹೊರುವ ವಿಮಾನಕ್ಕೆ ಬಾಳೆದಿಂಡು ಕಟ್ಟುತ್ತಿದ್ದರು. ಮೇಲೆ, ಗೋಡೆಗೆ ಒರಗಿಸಿ ಕೂರಿಸಿದ್ದ ಗೆಳೆಯ ನಿಜಲಿಂಗಪ್ಪನ ಹಣೆ ತುಂಬ ವಿಭೂತಿ.

"ಇವರು ಹೋಗೂದ್ರೊಳಗ ಒಮ್ಮೆ ಇವರ ದನಿ ಕೇಳಸ್ರಿ," ಎಂದಳು ನಿಜಲಿಂಗಪ್ಪನ ಹೆಂಡತಿ ಕಲ್ಲವ್ವ. ಬೆಳಗಿನಿಂದ ಅದೊಂದೇ ಮಾತು. "ಊರ ಮಂದೀದೆಲ್ಲಾ ಹಿಡದಿಟ್ರು. ತಮ್ಮದು?"

ಮಗಳು ಸ್ನೇಹಲ್ ಪೆಟ್ಟಿಗೆ ತಂದಿಟ್ಟಳು. "ಎಲ್ಲಾ ತಿರುವಿ ಹಾಕೇನಿ ಕಾಕಾ. ಬೀಸೂ ಹಾಡು, ಭಜನಿ, ಜೋಗುಳ. ಅಪ್ಪಾಂದು ಒಂದು ಕೆಮ್ಮೂ ಇಲ್ಲ. ಹೆಸರು ಬರೀದಿದ್ದದ್ದು ಇದೊಂದs ಉಳದದ. ಇದರ ಅಂಚಿನ ಕಿಂಡಿ ಯಾಕ ತಗದದ?"

"ಕಿಂಡಿ ತಗದ್ರ ಅಳಿಸಾಕ ಬರಂಗಿಲ್ಲವ್ವಾ," ಎಂದ ಅವಧೂತ. ಹೇಳಿದ ಮೇಲೆ ಅವನಿಗೇ ಸೋಜಿಗವಾಯಿತು. ನಿಜಲಿಂಗಪ್ಪ ಯಾವ ಡಿಸ್ಕಿನ ಕಿಂಡಿಯನ್ನೂ ತೆಗೆದಿಟ್ಟವನಲ್ಲ.

*

ತೊಂಬತ್ತೊಂಬತ್ತರಲ್ಲಿ, ಈ ರೆಕಾರ್ಡರು ಕೊಳ್ಳಲು ನಿಜಲಿಂಗಪ್ಪ ಅವಧೂತನ ಜೊತೆ ತಪಕೀರ್ ಗಲ್ಲಿಯ ರೇಡಿಯೊ ಅಂಗಡಿಯಲ್ಲಿ ಮಧ್ಯಾಹ್ನವೆಲ್ಲ ಕಳೆದಿದ್ದ.

"ಕ್ಯಾಸೆಟ್ಟಿನ್ಯಾಗ ಹಾಡಿನ ಹಿಂದ ಸಂಡಿಗಿ ಕರದಂಗ ಸಪ್ಪಳ. ಸೀಡಿ ಒಮ್ಮೆ ಬರದ್ರ ಮುಗೀತು. ಇದು ಪಾಟಿ ಇದ್ದಂಗ. ಹಾಡೂ ಮುದುಕಿ ತಪ್ಪಿದ್ರ ಅಳಸಿ ಮತ್ತ ಬರ್ಕೊಬಹುದು, ಆಕಿಗೂ ಹೆದರಿಕಿಲ್ಲ."

"ನಿನ್ನ ಮಾತು ನಡುವ ಬಂದ್ರ?"

"ಅದನ್ನ ಮದಲ ಅಳಸೂದು. ಗುಮಾಸ್ತನ ದನಿ ಯಾರಿಗೆ ಬೇಕಪಾ?"

ಗೆಳೆಯನ ಗೊಗ್ಗರು ದನಿಯಲ್ಲೇ ಅವಧೂತ ಆ ಮಾತನ್ನು ಅಣಕಿಸಿ ಒಪ್ಪಿಸಿದ. ಕೌಂಟರಿನ ಕೆಳಗೆ ಬಗ್ಗಿದ್ದ ಅಂಗಡಿಯವ ನಿಜಲಿಂಗಪ್ಪನೇ ಮಾತಾಡಿದನೆಂದು ತಿಳಿದು, "ಹೋ ಕಾಕಾ," ಎಂದು ಮರಾಠಿಯಲ್ಲಿ ಹೂಂಗುಟ್ಟಿದ.

*

ಸ್ಪೀಕರು ಗುರ್ರೆಂದಿತು. "ಹಲೋ, ಹಲೋ. ನಿಜಲಿಂಗಪ್ಪ ಮಾತಾಡೂದು, ಭೋರ್‌ದಿಂದ. ಯಾರೂ ಕೆಮ್ಮಬ್ಯಾಡ್ರಿ. ಕೆಮ್ಮೂದು ನನ್ನ ಕೆಲಸ."

"ಅವರs!" ಎಂದು ಯಾರೋ ಬಿಕ್ಕಿದರು.

ಕಲ್ಲವ್ವ ಕಿವಿಗೊಟ್ಟಳು. ಅವಳ ಮುಖ ಇಳಿಯಿತು. "ಇದು ಅವರ ದನಿ ಅಲ್ಲ. ಅವಧೂತಣ್ಣಾರ, ಇದು ನಿಮ್ಮದು."

ಅವಧೂತನಿಗೆ ಎಲ್ಲ ನೆನಪಾಯಿತು. ಹಾಡು ಹಿಡಿಯಲು ಇಬ್ಬರೂ ಹೋಗಿದ್ದ ಭೋರ್ ಊರಿನ ಆ ಅಂಗಳ. ಹಾಡುವ ಅಜ್ಜಿ ಇನ್ನೂ ಹೊರಗೆ ಬಂದಿರಲಿಲ್ಲ. ನಿಜಲಿಂಗಪ್ಪ ರೆಕಾರ್ಡರು ಚಾಲೂ ಮಾಡಿ, ಕಿವಿಗೆ ಹೆಡ್‌ಫೋನು ಏರಿಸಿ, ಗೋಡೆಗೆ ಒರಗಿ ಕಣ್ಣು ಮುಚ್ಚಿ ಸಪ್ಪಳ ಆಲಿಸುತ್ತಿದ್ದ. ಅವಧೂತ ಬೆಕ್ಕಿನಂತೆ ಹೋಗಿ ಮೈಕಿಗೆ ಬಾಯಿ ಕೊಟ್ಟಿದ್ದ. ತಾನು ಬಾಯಿ ತೆರೆಯದೆಯೇ ತನ್ನ ದನಿ ಕೇಳಿಸಿದ್ದಕ್ಕೆ ನಿಜಲಿಂಗಪ್ಪ ಗಾಬರಿಯಿಂದ ತುಟಿ ಮುಟ್ಟಿ ನೋಡಿಕೊಂಡಿದ್ದ.

"ತಪ್ಪಾತ್ರಿ ವೈನಿ. ಆವತ್ತs ಅಳಸೇನಿ ಅಂದಿದ್ದ ಅಂವ."

"ಅಳಸಲಿಲ್ಲಲ್ಲ ಕಾಕಾ," ಎಂದಳು ಸ್ನೇಹಲ್. "ಅಳಿಸದಂಗ ಕಿಂಡಿ ತಗದಿಟ್ಟಾರ."

ಅವಧೂತನ ಬೆರಳು ನಿಲ್ಲಿಸುವ ಗುಂಡಿಗೆ ಹೋಯಿತು. ಕಲ್ಲವ್ವ ಅವನ ಕೈ ಹಿಡಿದಳು. "ತಡೀರಿ."

ಯಂತ್ರದೊಳಗೆ ಕೋಳಿಯೊಂದು ಕೊಕ್ಕೊಕ್ಕೆಂದಿತು. ಆಮೇಲೆ ಗೊರಗೊರ ಉಸಿರು. ಆಮೇಲೆ, "ಏ ಮಂಗ್ಯಾ!"

ಅದರ ಬೆನ್ನಿಗೇ ನಗು. ಕೆಮ್ಮಿ, ಉಬ್ಬಸಪಟ್ಟು, ಮತ್ತೆ ಮೊದಲಿನಿಂದ ನಗುವ ನಗು. ಕಲ್ಲವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ಇವರs! ಇವರs ರೀ!" ಅವಳ ಭುಜಗಳು ಕುಲುಕಿದವು. ಸ್ನೇಹಲ್ ಕಣ್ಣೊರೆಸಿಕೊಳ್ಳುತ್ತ ನಕ್ಕಳು, ಅವಧೂತ ನಕ್ಕ, ವಿಮಾನ ಸಿದ್ಧವಾಯಿತೆಂದು ಹೇಳಲು ಬಂದವರು ಬಾಗಿಲಲ್ಲೇ ನಿಂತು ನಕ್ಕರು.

ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನು ಗೋಡೆಗೆ ಒರಗಿ, ಕಣ್ಣು ಮುಚ್ಚಿ ಕುಳಿತಿದ್ದ.