ಜಗಲಿಯ ಮೇಲೆ ಒಂಬತ್ತು ದಿನ

ಮುನಿರತ್ನಮ್ಮ ಜಗಲಿಯ ಮೇಲೆ ಕುಳಿತು ಅಂದಿಗೆ ಒಂಬತ್ತು ದಿನ. ಹಿತ್ತಲಿನ ಹುಳದ ಮನೆಯಲ್ಲಿ ತಟ್ಟೆಗಟ್ಟಲೆ ರೇಷ್ಮೆ ಹುಳು. ಮಾಗಡಿಯಿಂದ ಬಿಡದಿಗೆ ಹೋಗುವ ರಸ್ತೆಯ ಆ ಊರಿನಲ್ಲಿ ಹುಳು ಸಾಕುವುದರಲ್ಲಿ ಅವಳನ್ನು ಮೀರಿಸಿದವರಿಲ್ಲ. ಅಂಥವಳೇ ಹೊರಗೆ ಕುಳಿತರೆ ಬೆಳೆ ಕೈಗೆ ಹತ್ತುವುದು ಹೇಗೆ?

ಇದಕ್ಕೆಲ್ಲ ಕಾರಣ ಕ್ಯಾಲೆಂಡರ್. "ಮುಟ್ಟಾದಾಗ ಹುಳದ ಮನೆಗೆ ಕಾಲಿಡಬ್ಯಾಡ, ನಾಕು ದಿನ ಹೊರಗಿರು" ಎಂದು ಅವ್ವ ಹೇಳಿ ಮೂವತ್ತೈದು ವರ್ಷವಾಗಿತ್ತು. ಮುನಿರತ್ನಮ್ಮ ಒಂದು ಸಲವೂ ತಪ್ಪಿಸಿರಲಿಲ್ಲ. ಇಪ್ಪತ್ತೆಂಟನೇ ದಿನಕ್ಕೆ ಕುಂಕುಮದ ಚುಕ್ಕೆ ಇಡುತ್ತಿದ್ದಳು, ಆ ದಿನ ಬೆಳಗ್ಗೆಯೇ ಚಾಪೆ ಸುತ್ತಿಕೊಂಡು ಹೊರಗೆ ಬರುತ್ತಿದ್ದಳು. ಈ ಸಲ ಚುಕ್ಕೆಯ ದಿನ ಬಂತು, ಮುಟ್ಟು ಬರಲಿಲ್ಲ. ಬರದ ಮೇಲೆ ನಾಲ್ಕು ದಿನ ಎಲ್ಲಿಂದ ಎಣಿಸುವುದು?

"ಬರ್ದಿದ್ರೆ ಒಳ್ಳೇದೇ ಆಯ್ತು ಕಣವ್ವ, ಒಳೀಕ್ ಬಾ" ಎಂದ ಅಣ್ಣ ಗಂಗಹನುಮಯ್ಯ.

"ಬಸ್ಸು ಬರ್ಲಿಲ್ಲ ಅಂತ ನೀನು ಸ್ಟಾಪ್ ಬುಟ್ಟು ಮನೇಗೆ ಬತ್ತೀಯಾ? ಕಾಯ್ತೀಯ ತಾನೆ?"

ಮಾಗಡಿ ಬಸ್ಸಿಗೆ ಕಾದು ಕಾದೇ ತಲೆ ನರೆಸಿಕೊಂಡಿದ್ದ ಗಂಗಹನುಮಯ್ಯ ತಾನೇ ಹಿಪ್ಪುನೇರಳೆ ಸೊಪ್ಪು ಕೊಯ್ಯಲು ಹೊರಟ.

ಕಾಯುವುದೊಂದೇ ಆಗಿದ್ದರೆ ಅವಳು ವರ್ಷಗಟ್ಟಲೆ ಕಾಯುತ್ತಿದ್ದಳು. ಆದರೆ ಇದ್ದಕ್ಕಿದ್ದಂತೆ ಎದೆಯಿಂದ ಮುಖಕ್ಕೆ ಬಿಸಿ ಏರುತ್ತಿತ್ತು, ಸೀರೆ ಬೆವರಿಗೆ ತೊಯ್ಯುತ್ತಿತ್ತು, ನಿದ್ದೆ ದೂರವಾಗಿತ್ತು. ಚಿಕ್ಕಂದಿನಿಂದಲೂ ಅವಳಿಗೆ ಜೋರು ಸದ್ದು, ಘಾಟು ವಾಸನೆ ಆಗುತ್ತಿರಲಿಲ್ಲ. ಈಗಂತೂ ಬಿಡದಿ ಫ್ಯಾಕ್ಟರಿಯ ಬಸ್ಸು ಹಾರ್ನ್ ಹೊಡೆದರೆ ಕಿವಿ ಮುಚ್ಚಿ ಕೂಗುತ್ತಿದ್ದಳು. ಸಾಸಿವೆ ಸಿಡಿದರೆ ಬೀದಿಗೆ ಓಡುತ್ತಿದ್ದಳು. ಮಟಮಟ ಮಧ್ಯಾಹ್ನ ಸೀರೆ ಸಮೇತ ನೀರಿನ ತೊಟ್ಟಿಗೆ ಇಳಿದು ಕುಳಿತಳು. ಎಮ್ಮೆ ತನ್ನ ಜಾಗಕ್ಕೆ ಬಂದವಳು ಯಾರೆಂದು ನೋಡಿತು.

"ಇದು ಗಾಳಿನೇ ಕಣ್ರೀ" ಎಂದಳು ಅತ್ತಿಗೆ ಮಾಯಮ್ಮ. "ಅಮಾಸೆ ದಿನ ಮಂತ್ರವಾದಿ ತಾವ ಕರ್ಕೊಂಡೋಗನ. ಮೆಣಸಿನಕಾಯಿ ಹೊಗೆ ಹಾಕಿದ್ರೆ ತಾನಾಗೇ ಬುಟ್ಟು ಓಡೋಯ್ತದೆ."

ಒಗ್ಗರಣೆಯನ್ನೇ ತಾಳದವಳಿಗೆ ಮೆಣಸಿನಕಾಯಿ ಹೊಗೆ! ಮುನಿರತ್ನಮ್ಮ ಕ್ಯಾಲೆಂಡರ್ ನೋಡಿದಳು. ಅಮಾವಾಸ್ಯೆಗೆ ಎರಡೇ ದಿನವಿತ್ತು.

ಮಾರನೆಯ ಬೆಳಗ್ಗೆ ಆರೋಗ್ಯ ಕೇಂದ್ರದ ನರ್ಸ್ ಹಫೀಜಾ ಊರಿಗೆ ಬಂದವಳು ಜಗಲಿ ಏರಿ ಕುಳಿತಳು. ಮುನಿರತ್ನಮ್ಮ ಮುಖ ನೋಡದೆ, ಕ್ಯಾಲೆಂಡರ್ ಮುಂದಿಟ್ಟು, ಎಲ್ಲವನ್ನೂ ತಾರೀಕು ಸಮೇತ ಹೇಳಿದಳು.

"ಮಾಯಕ್ಕ, ಇದು ಗಾಳಿ ಅಲ್ಲ. ಮುಟ್ಟು ನಿಲ್ಲೋ ಕಾಲ" ಎಂದಳು ಹಫೀಜಾ, ಬಾಗಿಲಲ್ಲಿ ನಿಂತಿದ್ದ ಮಾಯಮ್ಮನಿಗೆ.

"ಊರ್ನಾಗೆ ಯಾರ್ಗೂ ನಿಂತಿಲ್ವಾ? ಯಾರು ತೊಟ್ಟಿಗಿಳ್ದವ್ರೆ?"

"ಎಲ್ಲರ ಮೈ ಒಂದೇ ಥರ ಇರಲ್ಲ ಅಕ್ಕ. ಇವ್ರಿಗೆ ಮೊದ್ಲೇ ಸದ್ದು, ವಾಸನೆ, ಬದಲಾವಣೆ ಜಾಸ್ತಿ ತಟ್ಟುತ್ತೆ. ಆಸ್ಪತ್ರೇಲಿ ತೋರ್ಸೋಣ."

"ಶ್! ಮೆಲ್ಲಗೆ ಮಾತಾಡು ತಾಯಿ" ಎಂದು ಮಾಯಮ್ಮ ಪಿಸುಗುಟ್ಟಿದಳು. "ಹುಳ ಜ್ವರಕ್ಕೆ ಕೂತವೆ." ಹುಳು ಪೊರೆ ಬಿಡುವ ಹೊತ್ತನ್ನು ಅಲ್ಲಿ ಜ್ವರ ಎನ್ನುತ್ತಾರೆ.

ಮುನಿರತ್ನಮ್ಮ ಎದ್ದು ನಿಂತಳು.

"ಹುಳಕ್ಕೆ ಸದ್ದು ಆಗಕಿಲ್ಲ ಅಂತ ಪಿಸುಗುಟ್ತೀಯ. ಘಾಟು ಆಗಕಿಲ್ಲ ಅಂತ ಅದರ ಪಕ್ಕ ಒಗ್ಗರಣೆ ಹಾಕಕಿಲ್ಲ. ಸೆಕೆ ಆಯ್ತದೆ ಅಂತ ಕಿಟಕಿಗೆ ಒದ್ದೆ ಗೋಣಿಚೀಲ ಕಟ್ತೀಯ. ಜ್ವರಕ್ಕೆ ಕೂತಾಗ ಯಾರೂ ಕೆಣಕಂಗಿಲ್ಲ ಅಂತೀಯ. ನನಗ್ಯಾಕೆ ಮೆಣಸಿನಕಾಯಿ ಹೊಗೆ ಅತ್ಗೆ?"

ಮಾಯಮ್ಮನ ಕಣ್ಣು ತುಂಬಿತು. "ಮಂತ್ರವಾದಿ ಬ್ಯಾಡ, ನಾಳೆ ಆಸ್ಪತ್ರೆಗೇ ಹೋಗನ" ಎಂದಳು. ಅವಳು ಕೆಟ್ಟವಳಲ್ಲ, ಗೊತ್ತಿರಲಿಲ್ಲ ಅಷ್ಟೆ.

ಅಮಾವಾಸ್ಯೆಯ ದಿನ ಮುನಿರತ್ನಮ್ಮ, ಮಾಯಮ್ಮ, ಹಫೀಜಾ ಮೂವರೂ ರಾಮನಗರದ ಆಸ್ಪತ್ರೆಯಲ್ಲಿದ್ದರು. ಲೇಡಿ ಡಾಕ್ಟರು ಬಾಲ್ಯದಿಂದ ಹಿಡಿದು ಎಲ್ಲವನ್ನೂ ಕೇಳಿದರು. "ಮುಟ್ಟು ನಿಲ್ತಾ ಇದೆ, ಅದು ಕಾಯಿಲೆ ಅಲ್ಲ. ಇವರಿಗೆ ಆಟಿಸಂ ಇರೋ ಹಾಗೂ ಕಾಣುತ್ತೆ, ಬೆಂಗಳೂರಲ್ಲಿ ತೋರಿಸಿ ಖಾತ್ರಿ ಮಾಡ್ಕೊಳ್ಳಿ. ಅದೂ ಹುಚ್ಚಲ್ಲ, ಹುಟ್ಟಿನಿಂದ ಬಂದ ಗುಣ. ಎರಡೂ ಸೇರಿದಾಗ ಕಷ್ಟ ಹೆಚ್ಚು. ಬಿಸಿಗೆ, ನಿದ್ದೆಗೆ ಚಿಕಿತ್ಸೆ ಇದೆ."

"ನಿಲ್ಲೋ ತಾರೀಕು ಹೇಳಿ, ಬರ್ಕೋತೀನಿ" ಎಂದಳು ಮುನಿರತ್ನಮ್ಮ.

"ತಾರೀಕು ಹೇಳಕ್ಕಾಗಲ್ಲ ತಾಯಿ. ಹನ್ನೆರಡು ತಿಂಗಳು ಪೂರ್ತಿ ಬರಲಿಲ್ಲ ಅಂದ್ರೆ ನಿಂತ ಹಾಗೆ."

"ಅಂದ್ರೆ ಹನ್ನೆರಡು ತಿಂಗಳು ಜಗಲಿ ಮ್ಯಾಲೆ ಕೂರ್ಬೇಕಾ?"

ಡಾಕ್ಟರಿಗೆ ನಗು ತಡೆಯಲಾಗಲಿಲ್ಲ. "ಒಂದು ನಿಮಿಷಾನೂ ಬೇಡ. ಮುಟ್ಟಾದ್ರೂ ಹುಳಕ್ಕೇನೂ ಆಗಲ್ಲ. ಕೈ ತೊಳ್ಕೊಂಡು ಹೋದ್ರೆ ಸಾಕು."

ಹೊಸ ನಿಯಮ ಸಿಕ್ಕಿತು. ಅಂದು ಸಂಜೆಯೇ ಮುನಿರತ್ನಮ್ಮ ಕೈ ತೊಳೆದು ಹುಳದ ಮನೆಗೆ ಹೋದಳು, ಮನೆಯವರೆಲ್ಲರ ಕೈಯನ್ನೂ ಮೂಸಿ ನೋಡಿಯೇ ಒಳಗೆ ಬಿಟ್ಟಳು. ಮಾಯಮ್ಮ ತಾನಾಗಿಯೇ ನಾದಿನಿಯ ಕಿಟಕಿಗೂ ಒಂದು ಒದ್ದೆ ಗೋಣಿಚೀಲ ಕಟ್ಟಿದಳು. ಒಗ್ಗರಣೆಗೆ ಮುಂಚೆ "ಹಾಕ್ತಾ ಇವ್ನಿ" ಎಂದು ಕೂಗಿ ಹೇಳುವುದು ರೂಢಿಯಾಯಿತು.

ಮೂರು ವರ್ಷ ಕಳೆದವು. ಒಂದು ಮಧ್ಯಾಹ್ನ ಮಾಯಮ್ಮ ಬೆವರು ಸುರಿಸುತ್ತಾ ಬಂದು ಗೋಣಿಚೀಲದ ಕೆಳಗೆ ಕುಸಿದಳು.

"ಒಸಿ ಜಾಗ ಬುಡೇ."

ಮುನಿರತ್ನಮ್ಮ ಸರಿದು ಕುಳಿತು, ಕ್ಯಾಲೆಂಡರ್ ಕೈಗೆ ಕೊಟ್ಟಳು. "ತಾರೀಕು ಬರ್ಕೋ."

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯ ಹೆಂಗಸಿಗೆ ನಲವತ್ತೈದರ ಆಚೀಚೆ ಹೀಗಾದರೆ ದೆವ್ವ ಹುಡುಕಬೇಡಿ, ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ. ರಕ್ತಸ್ರಾವ ಅತಿಯಾದರೆ, ಅಥವಾ ಮುಟ್ಟು ನಿಂತು ವರ್ಷವಾದ ಮೇಲೆ ಮತ್ತೆ ರಕ್ತ ಕಂಡರೆ, ತಡ ಮಾಡಲೇಬೇಡಿ. ಸದ್ದು, ವಾಸನೆ ತಾಳದವರು, ಹೇಳಿದ ಹೊತ್ತಿಗೇ ಎಲ್ಲ ಆಗಬೇಕೆನ್ನುವವರು ಮನೆಯಲ್ಲಿದ್ದರೆ ಏನು ಬೇಕೆಂದು ಅವರನ್ನೇ ಕೇಳಿ. ಬಾಯಿಲ್ಲದ ಹುಳಕ್ಕೆ ಏನು ಬೇಕೆಂಬುದು ನಿಮಗೆ ಗೊತ್ತಿದೆ. ಇವರಿಗಂತೂ ಬಾಯಿದೆ, ನೀವು ಪಕ್ಕದಲ್ಲಿ ಕೂರಬೇಕು ಅಷ್ಟೆ.